ಕಂಬದವ್ವ, ಒಂದನೇ ಸಂಚಿಕೆ

ಶಿವರಾತ್ರಿಗೆ ಇನ್ನು ನಾಲ್ಕು ದಿನ. ಬೆಳಗಿನ ಚಳಿ ಬಿಟ್ಟು, ಬಿಸಿಲು ಕಣದ ತೆಂಗಿನ ಮಟ್ಟೆ ರಾಶಿಯ ನೆತ್ತಿಗೆ ಏರಿದ ಹೊತ್ತು. ಹನ್ನೊಂದು ಗಂಟೆ ಇದ್ದೀತು.

"ಯಾವ ಬೇವರ್ಸಿ ಮುಂಡೇದು ಬರ್ದಿದ್ದು ಇದುನ್ನ?"

ಪುಸ್ತಕ ಬಂದು ಭೈರಮ್ಮನ ಮುಂದಿದ್ದ ಕರಟದ ಗುಡ್ಡೆಯ ಮೇಲೆ ಬಿತ್ತು. ಪುಸ್ತಕವೆಂದರೆ ಎಂಟು ಹಾಳೆ, ನಡುವೆ ಎರಡು ಪಿನ್ನು, ತಿಪಟೂರಿನಲ್ಲಿ ಜೆರಾಕ್ಸ್ ಮಾಡಿಸಿದ್ದು. ಮೇಲಿನ ಪುಟದಲ್ಲಿ ಒಬ್ಬ ಹೆಂಗಸು ಎರಡೂ ಕೈ ಮೇಲೆತ್ತಿ ನಿಂತಿದ್ದಳು. ಕೈಗಳು ಅವಳ ಮೈಗಿಂತ ದೊಡ್ಡವು.

ಮಚ್ಚಿನ ಹಿಂಬದಿಯಿಂದ ಕರಟ ಒಡೆಯುತ್ತಿದ್ದ ಭೈರಮ್ಮ ಹಾಗೇ ಕೈ ನಿಲ್ಲಿಸಿದಳು. ಒಳಗಿನ ಕೊಬ್ಬರಿಗೆ ಒಂದು ಗೀರು ಬೀಳದಂತೆ ನಲವತ್ತು ವರ್ಷ ಕರಟ ಬಿಡಿಸಿದ ಕೈ ಅದು. ಅವಳು ತಲೆ ಎತ್ತಲಿಲ್ಲ. ಕಂಡದ್ದು ಯಜಮಾನ ಬೆಟ್ಟಸ್ವಾಮಿಯ ಪಂಚೆಯ ಅಂಚು ಮತ್ತು ಚಪ್ಪಲಿ.

"ಕಿವಿಗೆ ನಾರು ತುಂಬ್ಕೊಂಡಿದ್ದೀರೇನ್ರಲಾ? ಕೇಳ್ತಾ ಇರೋದು ನಿಮ್ಮನ್ನೇ."

ಸುಲಿಯುವವರು ಸುಲಿಯುವುದು ನಿಲ್ಲಿಸಿದರು. ಕೊಬ್ಬರಿ ಆರಿಸುತ್ತಿದ್ದ ಯೋಗಿತಾ ಎದ್ದು ನಿಂತಳು. ಇಪ್ಪತ್ತೊಂದು ವರ್ಷದ ಹುಡುಗಿ, ಪಿಯುಸಿ ಮುಗಿಸಿ ಕಣದ ಕೆಲಸಕ್ಕೆ ಬಂದವಳು.

"ನಾನು ಸಾರ್. ಚಿತ್ರ ನಾನು ಬರ್ದಿದ್ದು."

"ಓಹೋ! ಕೇರಿಯೋರ್ಗೆ ನಾಕಕ್ಷರ ಬಂದ್ಬುಟ್ರೆ ಹಿಂಗೇ ಆಗೋದು. ನನ್ನ ಮೊಮ್ಮಗಳು ಇಂಪನಾ ಇಸ್ಕೂಲಿಂದ ತಂದವ್ಳೆ. 'ತಾತ, ಇದು ನಮ್ಮ ಅಟ್ಟ ಇದ್ದಂಗೇ ಐತೆ' ಅಂತಾಳೆ. ಕೈಯಾಗಿದ್ದ ತುತ್ತು ಬಾಯಿಗೆ ಹೋಗ್ಲಿಲ್ಲ ನಂಗೆ."

"ಕಥೆ ಸಾರ್, ಸುಮ್ನೆ..."

ಬೆಟ್ಟಸ್ವಾಮಿ ಬಗ್ಗಿ ಪುಸ್ತಕ ಎತ್ತಿಕೊಂಡ. ನಡುವಿನ ಪುಟ ತೆರೆದು ಅವಳ ಮೂಗಿಗೆ ಹಿಡಿದ. ಅಟ್ಟದ ಚಿತ್ರ. ಮೇಲೆ ಸೂರು ಮುಟ್ಟುವ ಹಾಗೆ ತುಂಬಿದ ಕಾಯಿ, ಕೆಳಗೆ ಕಂಬಗಳು.

"ಇಲ್ಲಿ ಮೂರನೇ ಕಂಬ ಎಲ್ಲಿ ಹೋಯ್ತಮ್ಮಿ?"

ಯೋಗಿತಾ ನೋಡಿದಳು. ಒಂದು ಕಂಬ, ಎರಡು ಕಂಬ, ಖಾಲಿ, ನಾಲ್ಕನೇ ಕಂಬ. ಓದಿದವರು ಯಾರೂ ಅದನ್ನು ಕೇಳಿರಲಿಲ್ಲ. ಭೈರಮ್ಮ ಹೇಳಿದ ಹಾಗೆ ಅವಳು ಬರೆದಿದ್ದಳು, ಅಷ್ಟೇ.

"ಯಾರು ಹೇಳಿದ್ರು ನಿಂಗೆ?" ಬೆಟ್ಟಸ್ವಾಮಿಯ ದನಿ ತಗ್ಗಿತು.

ಭೈರಮ್ಮ ಮಚ್ಚನ್ನು ನೆಲಕ್ಕಿಟ್ಟಳು. ಅವನು ಕೂಗಿದರೆ ಅವಳಿಗೆ ಅಷ್ಟು ಭಯವಿಲ್ಲ. ಈ ತಗ್ಗಿದ ದನಿಯನ್ನು ಹಿಂದೆ ಒಂದೇ ಸಲ ಕೇಳಿದ್ದಳು, ಇಪ್ಪತ್ತಾರು ವರ್ಷದ ಕೆಳಗೆ.

ಯೋಗಿತಾಳ ಕಣ್ಣು ಅಪ್ಪಿತಪ್ಪಿಯೂ ಅವಳ ಕಡೆ ಬರಲಿಲ್ಲ. "ಯಾರೂ ಇಲ್ಲ ಸಾರ್. ಮನಸ್ಸಿಗೆ ಬಂತು, ಬರ್ದೆ."

"ಮನಸ್ಸಿಗೆ ಬತ್ತಾ? ಸರಿ ಬುಡು. ನಾಳೆ ಬೆಳಿಗ್ಗೆ ಬತ್ತೀನಿ. ಹೇಳಿದೋರ ಹೆಸರು ಹೇಳು. ಇಲ್ಲಾಂದ್ರೆ ಅಟ್ಟದ ಕೆಳಗೆ ನೀನೊಬ್ಬಳೇ ನಿಂತು ಕಾಯಿ ಇಳಿಸ್ಕೋ." ಪುಸ್ತಕದ ಹೆಂಗಸಿನ ಮೇಲೆ ಉಗುರಿನಿಂದ ಕುಟ್ಟಿದ. "ಬಿದ್ರೆ ಇವ್ಳು ಬಂದು ಹಿಡ್ಕೊಳ್ಳಲಿ."

ಪುಸ್ತಕ ಎಸೆದು ಹೋದ. ಎಲ್ಲರೂ ಅಟ್ಟದ ಕಡೆ ನೋಡಿದರು. ಈ ವರ್ಷವೂ ಅದು ತುಂಬಿತ್ತು. ಗೂಡ್ಸ್ ಗಾಡಿ ಒಳಗಿನ ಗೋಡೆಯ ತನಕ ಹಿಂದಕ್ಕೆ ಬರಲೆಂದು ಸಂಕ್ರಾಂತಿಯ ಹೊತ್ತಿಗೆ ಮೂರನೇ ಕಂಬ ಕಿತ್ತಿಟ್ಟಿದ್ದರು. ಅದು ಮೂಲೆಯಲ್ಲಿ ಇನ್ನೂ ಒರಗಿಕೊಂಡೇ ಇತ್ತು. ಜೇಡ ಬಲೆ ಕಟ್ಟಿತ್ತು.

ಆ ಪುಸ್ತಕ ಹುಟ್ಟಿದ್ದು ಇದೇ ಕಣದಲ್ಲಿ, ಮುದ್ದೆ ಉಣ್ಣುವ ಬಿಡುವಿನಲ್ಲಿ. ಗೂಡ್ಸ್ ಗಾಡಿ ಓಡಿಸುವ ಮೋಹನ್ ಕುಮಾರನಿಗೆ ಸೂಪರ್ ಹೀರೋ ಕಾಮಿಕ್ಸ್ ಹುಚ್ಚು. ತಿಪಟೂರಿನ ಹಳೇ ಪೇಪರ್ ಅಂಗಡಿಯಲ್ಲಿ ಹುಡುಕಿ ಹುಡುಕಿ ತರುತ್ತಿದ್ದ. ಅವನ ಫೋನಿನಲ್ಲಿ ಒಂದು ಗುಂಪಿತ್ತು. ಹುಬ್ಬಳ್ಳಿಯವರು, ಮೈಸೂರಿನವರು, ಕಾಮಿಕ್ಸ್ ಬರೆಯುವವರು, ಬರೀ ಓದುವವರು ಎಲ್ಲ ಅದರಲ್ಲಿದ್ದರು. ಅವರು ಜಗಳವಾಡುವುದನ್ನು ಮೋಹನ್ ಓದಿ ಹೇಳುತ್ತಿದ್ದ. ಯಜಮಾನರ ಮನೆಯ ಲೋಟ ಜಗಲಿ ದಾಟದ ಕಾರಣ ಕರಟದಲ್ಲಿ ಹುಯ್ಯಿಸಿಕೊಂಡ ಟೀ ಕುಡಿಯುತ್ತ ಹೆಂಗಸರು ಕೇಳುತ್ತಿದ್ದರು.

"ಇವ್ನ್ಯಾಕ್ಲಾ ಮುಖ ಮುಚ್ಕೊಂಡವ್ನೆ? ಕಳ್ಳನಾ?" ಭೈರಮ್ಮ ಒಂದು ದಿನ ಫೋನಿಗೆ ಬಗ್ಗಿ ಕೇಳಿದಳು.

"ಅವ್ನೇ ಹೀರೋ ಕಣಜ್ಜಿ! ಯಾರು ಅಂತ ಗುರ್ತು ಸಿಕ್ಬಾರ್ದು, ಅದುಕ್ಕೆ."

"ನಮ್ಮಂಥೋರ ಮುಖ ಯಾರು ನೋಡವ್ರೆ ಬುಡ್ಲಾ. ಕೆಲ್ಸಕ್ಕೆ ಕರೆಯೋರು ನೋಡೋದು ಕೈಯ. ಮುಚ್ಕೊಂಡ್ರೆ ಕೈ ಮುಚ್ಕೋಬೇಕು."

ಯೋಗಿತಾ ಅವತ್ತೇ ಕೈ ದೊಡ್ಡದು ಮಾಡಿದಳು. ಮುಖ ಬಿಟ್ಟಳು.

"ಹಾರಿಸ್ಬೇಕು ಕಣೇ," ಎಂದ ಮೋಹನ್. "ಹಾರ್ದಿದ್ರೆ ನಮ್ಮ ಗುಂಪ್ನೋರು ಒಪ್ಪಲ್ಲ. ಹಿಂದಿನ ವಾರ ಮೈಸೂರೋನು ಒಬ್ಬ ನಡ್ಕೊಂಡು ಹೋಗೋ ಹೀರೋನ ಬರ್ದಿದ್ದಕ್ಕೆ ಉಗ್ದು ಉಪ್ಪಿನಕಾಯಿ ಹಾಕವ್ರೆ."

"ಮೇಲಕ್ಕೆ ಹಾರಿ ಹೋದೋನು ಕೆಳಗಿರೋರ್ನ ಯಾಕಪ್ಪ ನೋಡ್ತಾನೆ?" ಎಂದಳು ಭೈರಮ್ಮ. "ನಿಂತ್ಕೊಂಡು ಹಿಡ್ಕೊಳ್ಳೋಳ್ನ ಬರೀರಿ."

ಹಾಗೆ ಕಂಬದವ್ವ ಬಂದಳು. ಎಲ್ಲಿ ಏನು ಕುಸಿದರೂ ಅಲ್ಲಿ ನಿಂತು ಹಿಡಿಯುವವಳು. ಮೊದಲ ಕಥೆಗೆ ಏನು ಕುಸಿಯಬೇಕು ಎಂಬ ಮಾತು ಬಂದಾಗ ಸೇತುವೆ ಎಂದ ಮೋಹನ್, ಬಸ್‌ಸ್ಟ್ಯಾಂಡ್ ಎಂದಳು ಯೋಗಿತಾ. ಭೈರಮ್ಮ ಬಾಯಿ ತಪ್ಪಿ ಅಟ್ಟ ಎಂದಳು.

"ಬೀಳೋದನ್ನ ಒಂದೇ ಚೌಕದಾಗೆ ಬರೀಬಾರ್ದು ಅಂತಾನೆ ಹುಬ್ಬಳ್ಳಿಯೋನು," ಎಂದ ಮೋಹನ್. "ಮೂರು ಚೌಕ ಮಾಡು. ಮೂರನೇದ್ರಾಗೆ ದಪ್ಪಕ್ಷರದಲ್ಲಿ ಢಮಾರ್ ಅಂತ ನಾನು ಬರೀತೀನಿ."

"ಅಟ್ಟ ಢಮಾರ್ ಅನ್ನಲ್ಲ ಕಣಪ್ಪ." ಭೈರಮ್ಮ ಕೈಯ ಮುದ್ದೆ ತಟ್ಟೆಗಿಟ್ಟಳು. "ಮೊದ್ಲು ಕಾಯಿ ಹೊತ್ತಿರೋ ಬಿದಿರು ತಡಿಕೆ ಕಿರ್ ಅಂತದೆ. ಆಮೇಲೆ ಒಂದೇ ಒಂದು ಕಾಯಿ ಬೀಳ್ತದೆ, ಟಪ್. ಆಮೇಲೆ ಏನೂ ಇಲ್ಲ. ಮೂರು ಸಲ ಉಸ್ರು ಎಳ್ಕೊಳ್ಳೋಷ್ಟು ಹೊತ್ತು ಏನೂ ಇಲ್ಲ. ಇನ್ನೇನಿಲ್ಲ ಬುಡು ಅಂತ ಕೆಳಗಿರೋನು ತಲೆ ಎತ್ತಿ ನೋಡ್ತಾನೆ."

ಯೋಗಿತಾ ಅವಳನ್ನೇ ನೋಡುತ್ತ, ಹಾಳೆಯ ಮೇಲೆ ಒಂದು ಖಾಲಿ ಚೌಕ ಎಳೆದಳು. ಅದರ ಫೋಟೋವನ್ನು ಮೋಹನ್ ಗುಂಪಿಗೆ ಹಾಕಿದ. ಸಂಜೆಯೊಳಗೆ ಬಂದ ಉತ್ತರವನ್ನು ಮೋಹನ್ ಓದಿ ಹೇಳಿದ.

"ಖಾಲಿ ಬಿಟ್ಟು ಇಷ್ಟು ಹೆದರ್ಸಿದ್ದನ್ನ ನಾನೆಲ್ಲೂ ನೋಡಿಲ್ಲ ಅಂತವ್ನೆ ಹುಬ್ಬಳ್ಳಿಯೋನು! ಕಥೆ ಯಾರ್ದು ಅಂತ ಕೇಳ್ತಾವ್ರೆ ಅಜ್ಜಿ. ಮೊದ್ಲ ಪುಟದಾಗೆ ನಿನ್ನ ಹೆಸ್ರು ಹಾಕ್ತೀವಿ."

"ಬ್ಯಾಡ ಕಣಪ್ಪ."

"ದೊಡ್ಡ ದೊಡ್ಡ ಕಂಪನಿಯೋರೇ ಕಥೆ ಮಾಡ್ದೋರ ಹೆಸ್ರು ನುಂಗ್ಕೊಂಡವ್ರಂತೆ ಅಜ್ಜಿ," ಎಂದಳು ಯೋಗಿತಾ. "ಹೀರೋನ ಲೋಕಕ್ಕೆಲ್ಲ ಗೊತ್ತು, ಹುಟ್ಟಿಸ್ದೋನು ಯಾರಿಗೂ ಗೊತ್ತಿಲ್ಲ. ನಾವೂ ಹಂಗೇ ಮಾಡಾಣಾ?"

"ನಿನ್ನ ಕಾಲಿಗೆ ಬೀಳ್ತೀನಿ ಕಣವ್ವ. ಬ್ಯಾಡ."

ಯೋಗಿತಾ ಹಟ ಮಾಡಿದಳು, ಕೊನೆಗೆ ಅರ್ಧ ಸೋತಳು. ಮೊದಲ ಪುಟದಲ್ಲಿ 'ಚಿತ್ರ: ಯೋಗಿತಾ, ಅಕ್ಷರ: ಮೋಹನ್ ಕುಮಾರ್' ಎಂದಿತ್ತು. 'ಕಥೆ' ಎಂದು ಬರೆದು ಅದರ ಮುಂದೆ ಎರಡು ಬೆರಳಗಲ ಜಾಗ ಖಾಲಿ ಬಿಟ್ಟಿದ್ದಳು. "ಯಾವತ್ತಾದ್ರೂ ಬೇಕು ಅನ್ನಿಸ್ತದೆ, ಆಗ ತುಂಬ್ಕೋ," ಎಂದಿದ್ದಳು.

ಭೈರಮ್ಮನ ಗಂಡ ಕೆಂಚಪ್ಪ ಸತ್ತದ್ದು ಮರದಿಂದ ಬಿದ್ದು. ಕಾಗದದಲ್ಲಿ ಹಾಗೇ ಇದೆ. ಆದರೆ ಅವತ್ತು ಅವನಿದ್ದದ್ದು ಇದೇ ಅಟ್ಟದ ಕೆಳಗೆ, ಟ್ರ್ಯಾಕ್ಟರ್ ಒಳಗೆ ಬರಲೆಂದು ಮೂರನೇ ಕಂಬ ಕಿತ್ತಿದ್ದರು. ಭೈರಮ್ಮ ಗಂಡನಿಗೆ ಬುತ್ತಿ ತಂದು ಬಾಗಿಲಲ್ಲಿ ನಿಂತಿದ್ದಳು. ಕಿರ್ ಎಂದಿತು. ಟಪ್ ಎಂದಿತು. ಕೆಂಚಪ್ಪ ತಲೆ ಎತ್ತಿ ನೋಡಿದ. ಪೊಲೀಸಿನವರು ಬರುವ ಹೊತ್ತಿಗೆ ಹೆಣ ತೆಂಗಿನ ಮರದ ಬುಡದಲ್ಲಿತ್ತು, ಕಂಬ ತನ್ನ ಜಾಗದಲ್ಲಿತ್ತು. ಬೆಟ್ಟಸ್ವಾಮಿ ಅವಳ ಎಡಗೈ ಹೆಬ್ಬೆಟ್ಟನ್ನು ತಾನೇ ಹಿಡಿದು ಮಸಿಗೆ ಅದ್ದಿ ಕಾಗದಕ್ಕೆ ಒತ್ತಿದ. ಒತ್ತುವಾಗ ಕಿವಿಯ ಹತ್ತಿರ ಬಗ್ಗಿ, ಆ ತಗ್ಗಿದ ದನಿಯಲ್ಲಿ, "ಬಾಯಿ ಬುಟ್ರೆ ಅಟ್ಟ ಇನ್ನೊಂದೈತೆ ಕಣೇ," ಎಂದ. ಮಸಿ ಮೂರು ದಿನ ಹೋಗಲಿಲ್ಲ. ಕೂಸಿಗೆ ಅನ್ನ ಕಲಸಿ ತಿನ್ನಿಸುವಾಗ ಆ ಬೆರಳನ್ನು ಮಡಚಿಕೊಂಡಿದ್ದಳು.

ಬೆಟ್ಟಸ್ವಾಮಿ ಬೈದು ಹೋದ ಮಧ್ಯಾಹ್ನ ಮೋಹನ್ ಕುಮಾರ್ ಬಂದ. ಮುಖ ಕಪ್ಪಿಟ್ಟಿತ್ತು. ಉಳಿದ ಪುಸ್ತಕಗಳನ್ನೆಲ್ಲ ಒಂದು ಚೀಲಕ್ಕೆ ತುಂಬಿ ತಂದಿದ್ದ.

"ಸುಟ್ಟಾಕ್ಬುಡಾಣ ಕಣೇ. ಗುಂಪಿನಾಗಿದ್ದಿದ್ದೂ ಅಳಿಸ್ಬುಟ್ಟೆ. ನಾಳೆ ಹೋಗಿ ಕಾಲಿಗೆ ಬೀಳು, ತಪ್ಪಾಯ್ತು ಅನ್ನು."

"ಬಿದ್ರೂ ಹೆಸ್ರು ಕೇಳ್ತಾರೆ ಕಣ್ಲಾ. ನಾನು ಹೇಳಲ್ಲ," ಎಂದಳು ಯೋಗಿತಾ. ತುಟಿ ಒಣಗಿತ್ತು. ಅಟ್ಟದ ಕಡೆ ನೋಡುವುದು, ನೆಲ ನೋಡುವುದು ಮಾಡುತ್ತಿದ್ದಳು.

"ಚೀಲ ಇತ್ಲಾಗ್ ತತ್ತಾ," ಎಂದಳು ಭೈರಮ್ಮ. "ನಾನು ಒಲೆಗೆ ಹಾಕ್ತೀನಿ."

ಹಾಕುವುದೆಂದೇ ಒಯ್ದಳು. ಸಂಜೆ ಒಲೆ ಹಚ್ಚಿ ಮೊದಲ ಪುಸ್ತಕ ಕೈಗೆತ್ತಿಕೊಂಡಳು. ಅವಳಿಗೆ ಓದಲು ಬರುವುದಿಲ್ಲ. ಪುಟ ತಿರುವಿದಳು. ಖಾಲಿ ಚೌಕದ ಪಕ್ಕದ ಚೌಕದಲ್ಲಿ ಕಂಬದವ್ವ ಬಂದು ಅಟ್ಟ ಹಿಡಿದಿದ್ದಳು. ಕೆಳಗಿದ್ದ ಗಂಡಸು ಬುತ್ತಿ ಬಿಚ್ಚುತ್ತಿದ್ದ. ಭೈರಮ್ಮ ಆ ಬುತ್ತಿಯನ್ನು ತುಂಬಾ ಹೊತ್ತು ನೋಡಿದಳು. ಅದರ ಮಾತನ್ನು ಅವಳು ಯೋಗಿತಾಳಿಗೆ ಹೇಳಿರಲೇ ಇಲ್ಲ. ಒಲೆ ಉರಿದು ಉರಿದು ತಾನೇ ಆರಿತು.

ಮರುದಿನ ಬೆಳಿಗ್ಗೆ ಬೆಟ್ಟಸ್ವಾಮಿ ಹೊತ್ತಿಗೆ ಮುಂಚೆಯೇ ಬಂದಿದ್ದ. ಅಟ್ಟದ ಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಸಿ ಕೂತಿದ್ದ.

"ಹೆಸ್ರು?"

"ಗೊತ್ತಿಲ್ಲ ಸಾರ್."

"ನಡಿ ಕೆಳಕ್ಕೆ."

ಯೋಗಿತಾ ಒಳಗೆ ಹೋಗಿ, ಎರಡನೇ ಕಂಬಕ್ಕೂ ನಾಲ್ಕನೆಯದಕ್ಕೂ ನಡುವೆ ಕುಕ್ಕೆ ಹಿಡಿದು ನಿಂತಳು. ಮೇಲೆ, ಕಾಯಿ ಸುಲಿಯುವ ರಾಜಣ್ಣ ಅಂಗೈ ಊರಿ ಹರಿದಾಡುತ್ತ ಒಂದೊಂದೇ ಕಾಯಿ ಇಳಿಬಿಟ್ಟ. "ಹುಷಾರು ಕಣವ್ವ, ಹುಷಾರು," ಎಂದು ಸಣ್ಣಗೆ ಹೇಳುತ್ತಲೇ ಇದ್ದ. ಭೈರಮ್ಮ ಬಾಗಿಲ ಆಚೆ ಕರಟ ಒಡೆಯುತ್ತಿದ್ದಳು. ಪುಸ್ತಕದ ಚೀಲ ಅವಳ ಮಗ್ಗುಲಲ್ಲಿತ್ತು. ಅವಳು ಕೊಬ್ಬರಿಯನ್ನು ನೋಡುತ್ತಿರಲಿಲ್ಲ. ಎರಡು ಕೊಬ್ಬರಿ ಸೀಳಿದವು, ಯಾರೂ ಕೇಳಲಿಲ್ಲ.

ಕಿರ್ ಎಂದಿತು.

ಭೈರಮ್ಮನ ಕೈಯಿಂದ ಮಚ್ಚು ಜಾರಿತು.

ಟಪ್.

ಕಾಯಿ ಉರುಳಿಕೊಂಡು ಬಂದು ಹೊಸಿಲಿಗೆ ತಾಗಿ ನಿಂತಿತು. ಆಮೇಲೆ ಏನೂ ಇಲ್ಲ. ಯೋಗಿತಾ ಮೆಲ್ಲಗೆ ತಲೆ ಎತ್ತುತ್ತಿದ್ದಳು.

"ನೋಡ್ಬ್ಯಾಡ! ಬಾರೇ ಈಚೆಗೆ!"

ಕಣದಲ್ಲಿ ಭೈರಮ್ಮನ ಆ ದನಿಯನ್ನು ಯಾರೂ ಕೇಳಿರಲಿಲ್ಲ. ಅಷ್ಟರಲ್ಲಿ ಅವಳು ಬೆಟ್ಟಸ್ವಾಮಿಯ ಕುರ್ಚಿ ದಾಟಿ ಒಳಗೆ ನುಗ್ಗಿ ಹುಡುಗಿಯ ರಟ್ಟೆ ಹಿಡಿದು ಹೊರಕ್ಕೆ ಎಳೆದಿದ್ದಳು. ರಾಜಣ್ಣ ಏಣಿ ಬಿಟ್ಟು ಗೋಡೆಯ ಕಿಂಡಿಯಿಂದ ಆಚೆ ಹಾರಿದ. ಅಟ್ಟ ಬೀಳಲಿಲ್ಲ. ಒಂದು ಕಡೆ ತಡಿಕೆ ಹೊಟ್ಟೆ ಬಿಟ್ಟುಕೊಂಡು ಹಾಗೇ ನಿಂತಿತ್ತು.

"ಯಾರೇ ನಿಂಗೆ ಒಳಕ್ಕೆ ಬಾ ಅಂದಿದ್ದು, ಮುದಿ ಮುಂಡೆ?" ಬೆಟ್ಟಸ್ವಾಮಿ ಎದ್ದು ನಿಂತ.

"ನಾನೇ ಕಣ್ ಬುದ್ದಿ." ಭೈರಮ್ಮ ಯೋಗಿತಾಳ ರಟ್ಟೆ ಬಿಟ್ಟಿರಲಿಲ್ಲ. "ಕಥೆ ಹೇಳಿದ್ದು ನಾನು. ಮೂರನೇ ಕಂಬ ಇರ್ನಿಲ್ಲ ಅವತ್ತು. ನಾನು ಬಾಗ್ಲಾಗಿದ್ದೆ."

"ಏನಂದೆ?" ದನಿ ತಗ್ಗಿತು.

ಕೊಬ್ಬರಿ ಚೀಲಕ್ಕೆ ಗುರುತು ಹಾಕುವ ಮಸಿಯ ಡಬ್ಬ ಹೊರಗಿನ ಗೋಡೆಯ ಪಕ್ಕದಲ್ಲಿತ್ತು. ಅದರ ಮುಂದೆ ಭೈರಮ್ಮ ಕುಕ್ಕರಗಾಲಲ್ಲಿ ಕೂತಳು. ತನ್ನ ಚೀಲ ಎಳೆದುಕೊಂಡು ಪುಸ್ತಕ ತೆಗೆದಳು. ಎಡಗೈ ಹೆಬ್ಬೆಟ್ಟನ್ನು ತಾನೇ ಮಸಿಗೆ ಅದ್ದಿದಳು.

"ಎಲ್ಲೈತೆ ತೋರ್ಸವ್ವ ಜಾಗ."

ಯೋಗಿತಾ ಪಕ್ಕದಲ್ಲಿ ಕೂತು ಬೆರಳಿಟ್ಟು ತೋರಿಸಿದಳು. ಭೈರಮ್ಮ ಒತ್ತಿದಳು. ಇನ್ನೊಂದು ಪುಸ್ತಕ ತೆಗೆದಳು, ಒತ್ತಿದಳು. ಸುಲಿಯುವವರು ಎದ್ದು ಬಂದು ಸುತ್ತ ನಿಂತರು. ಒತ್ತಿದ ಪುಸ್ತಕವನ್ನು ಮೊದಲು ರಾಜಣ್ಣ ಇಸಿದುಕೊಂಡ. ಮೋಹನ್ ಕುಮಾರ್ ಗಾಡಿಯಿಂದ ಇಳಿದು ಬಂದು ಒಂದು ಪುಸ್ತಕದ ಫೋಟೋ ತೆಗೆದ. ಗುಂಪಿಗೆ ಕಳಿಸಿದ.

"ಕೊಡ್ರಲಾ ಇತ್ಲಾಗೆ! ಸೂಳೆಮಕ್ಳಾ!" ಬೆಟ್ಟಸ್ವಾಮಿ ಒಂದು ಪುಸ್ತಕ ಕಿತ್ತುಕೊಂಡು ಹರಿದು ಎಸೆದ. ಗಾಳಿಗೆ ಆ ಹಾಳೆಗಳು ಅಟ್ಟದ ಮನೆಯೊಳಗೆ ಹಾರಿದವು. ಮೊದಲ ಪುಟ ಹೆಬ್ಬೆಟ್ಟು ಮೇಲಾಗಿ, ಮೂರನೇ ಕಂಬದ ಗುಣಿಯ ಹತ್ತಿರ ಬಿದ್ದಿತು. ಅದನ್ನು ಹಿಡಿಯಲು ಅವನು ಒಳಗೆ ಹೋದ.

ಯಾರೂ ಅವನ ಹಿಂದೆ ಹೋಗಲಿಲ್ಲ. ಮಚ್ಚು ಅಲ್ಲೇ ಇತ್ತು, ಸುಲಿದ ಕಾಯಿ ಅಲ್ಲೇ ಇತ್ತು. ಕಣ ಬಿಟ್ಟು ಮೊದಲು ಹೊರಟವಳು ಯೋಗಿತಾ, ಅವಳ ಹಿಂದೆ ರಾಜಣ್ಣ, ಆಮೇಲೆ ಸುಲಿಯುವವರೆಲ್ಲ. ಕೊನೆಯವಳು ಭೈರಮ್ಮ. ಎಡಗೈ ಬೆರಳು ಮಡಚದೆ, ಮೈಯಿಂದ ಅಷ್ಟು ದೂರ ಹಿಡಿದು ನಡೆದಳು. ಒಳಗೆ ಬೆಟ್ಟಸ್ವಾಮಿ ಬಗ್ಗಿದವನು ನೆಟ್ಟಗಾಗಿ, ಹಾಳೆ ಕೈಯಲ್ಲಿ ಹಿಡಿದು, ತಲೆ ಎತ್ತಿ ಹೊಟ್ಟೆಬಿಟ್ಟ ತಡಿಕೆಯನ್ನು ನೋಡುತ್ತಿದ್ದ.