ಬೆಳಗಿನವರೆಗೆ ಬರುವ ಕರೆಂಟು

ಅರವತ್ತೊಂಬತ್ತು — ಈಗಷ್ಟೇ ಎಪ್ಪತ್ತಿತ್ತಲ್ಲ, ಕಿಟಕಿಯ ಪರದೆ ಸರಿಮಾಡಿ ಇತ್ತ ತಿರುಗುವಷ್ಟರಲ್ಲಿ ಒಂದು ಇಳಿದೇ ಬಿಟ್ಟಿತು, ಉಮ್ಮರ್ ಕುಂಞಿ ಮಂಚದ ಪಕ್ಕ ಕುಕ್ಕರಗಾಲಿನಲ್ಲಿ ಕುಳಿತು ಹಳದಿ ಪೆಟ್ಟಿಗೆಯ ಮೇಲಿನ ಹಸಿರು ಅಂಕಿಯನ್ನು ಮತ್ತೊಮ್ಮೆ ಓದಿದ, ಕನ್ನಡಕ ಹಣೆಗೇರಿಸಿ ಓದಿದ, ಇಳಿಸಿ ಓದಿದ, ಹೇಗೆ ಓದಿದರೂ ಅರವತ್ತೊಂಬತ್ತೇ. ಮಂಚದ ಮೇಲೆ ಝುಲೈಖಾ ಮಲಗಿದ್ದಾಳೆ, ಮೂಗಿಗೆ ಮಾಸ್ಕ್, ಮಾಸ್ಕಿನಿಂದ ಹೊರಟ ಕೊಳವೆ ತಲೆದಿಂಬನ್ನು ಬಳಸಿ ಸಣ್ಣ ಉಸಿರಾಟದ ಮೆಷಿನ್ನಿಗೆ, ಮೆಷಿನ್ನಿನ ವಯರು ಇವತ್ತು ಗೋಡೆಗಲ್ಲ, ಈ ಬ್ಯಾಟರಿ ಪೆಟ್ಟಿಗೆಗೆ. ಶುಕ್ರವಾರದ ಊಟ, ಅದೂ ತುಪ್ಪದನ್ನ ಮತ್ತು ಕೋಳಿ, ಉಂಡವರು ನಿದ್ದೆಯನ್ನು ಬಿಟ್ಟರೂ ನಿದ್ದೆ ಅವರನ್ನು ಬಿಡುವುದಿಲ್ಲ, ಪರೀಕ್ಷೆಗೆ ಇದಕ್ಕಿಂತ ಒಳ್ಳೆಯ ಹೊತ್ತು ಯಾವುದು, ಇವತ್ತು ನಾನು ಮಲಗುವುದಲ್ಲ ಡ್ಯೂಟಿ ಮಾಡುವುದು ಎಂದು ಅವಳೇ ನಕ್ಕು ಮಾಸ್ಕ್ ಕಟ್ಟಿಕೊಂಡಿದ್ದಳು. ಬರುವ ಗುರುವಾರ ಈ ಕೊಲ್ಲಿ ದೇಶದ ಸಖೀರಿನ ಮರಳುಗಾಡಿನಲ್ಲಿ ಅವಳ ತಮ್ಮ ಸಿರಾಜನ ಡೇರೆ ಏಳುತ್ತದೆ, ಪ್ರತಿ ಚಳಿಗಾಲವೂ ಏಳುತ್ತದೆ, ಸನದ್‌ನಿಂದ ಅವನ ಸಂಸಾರ, ಅತ್ತಲಿತ್ತಲಿನ ನೆಂಟರು, ಎಲ್ಲರೂ ರಾತ್ರಿ ಅಲ್ಲೇ, ಝುಲೈಖಾ ಮಾತ್ರ ಸಂಜೆಯ ಮಗ್ರಿಬ್ ನಮಾಝ್ ಮುಗಿಯುತ್ತಿದ್ದಂತೆ ಚಪ್ಪಲಿ ಹುಡುಕುವವಳು, ಇವರಿಗೆ ನಾಳೆ ಬೇಗ ಡ್ಯೂಟಿ ಉಂಟು ಎಂದು ಗಂಡನ ತಲೆಗೆ ಕಟ್ಟಿ ಕಾರು ಹತ್ತುವವಳು. ಪೆಟ್ಟಿಗೆ ಒಂದು ರಾತ್ರಿ ಬಾಳುತ್ತದೆಂದು ಖಾತ್ರಿಯಾದರೆ ಈ ಸಲ ಉಳಿಯುತ್ತಾಳೆ, ಇಲ್ಲದಿದ್ದರೆ ಎಂದಿನಂತೆ ಮಾಹೂಝ್‌ನ ಈ ಫ್ಲ್ಯಾಟಿಗೆ, ಈ ಮಂಚಕ್ಕೆ, ಗೋಡೆಯ ಈ ಸ್ವಿಚ್ಚಿಗೆ ವಾಪಸ್. ಅರವತ್ತೆಂಟು.

ಸಿರಾಜ್ ಜನರೇಟರ್ ಇಡದವನೇನಲ್ಲ, ಇಡುತ್ತಾನೆ, ಆದರೆ ಮಲಗುವ ಹೊತ್ತಿಗೆ ಆಫ್, ಇದರ ಗಡಗಡ ಕೇಳ್ಲಿಕ್ಕೆ ನಾವು ಇಷ್ಟು ದೂರ ಬರ್ಬೇಕಾ ಭಾವ ಎನ್ನುತ್ತಾನೆ, ಅವನ ಮಾತೂ ಸರಿಯೇ, ಅವನಿಗೇನು ಗೊತ್ತು, ಯಾರಿಗೂ ಗೊತ್ತಿಲ್ಲ, ಮೆಷಿನ್ ಎಂಬುದೊಂದು ಈ ಮನೆಗೆ ಬಂದದ್ದೇ ಯಾರಿಗೂ ಗೊತ್ತಿಲ್ಲ. ಗೊತ್ತಿರುವುದು ಗೊರಕೆ ಮಾತ್ರ. ಉಳ್ಳಾಲದ ಆ ಮದುವೆ ಮನೆ, ಹೆಂಗಸರೆಲ್ಲ ಸಾಲಾಗಿ ಚಾಪೆ ಹಾಕಿ ಮಲಗಿದ ರಾತ್ರಿಯ ಮರುದಿನ, ಚಹಾ ಸೋಸುತ್ತಾ ಸಿರಾಜನ ಹೆಂಡತಿ ಹಸೀಬಾ ಎಲ್ಲರಿಗೂ ಕೇಳುವ ಹಾಗೆ, ನಿನ್ನೆ ಅಂಗಳಕ್ಕೆ ಯಾರದ್ದು ಲಾರಿ ಬಂದದ್ದು ಮಾರಾಯ್ರೆ, ರಿವರ್ಸ್ ತೆಗೆದು ತೆಗೆದು ಸಾಕಾಗಿದೆ ಪಾಪ, ಎಂದಳು. ಹಸೀಬಾ ಕೆಟ್ಟವಳಲ್ಲ, ಬಾಯಿಗೆ ಬೀಗ ಇಲ್ಲ ಅಷ್ಟೇ, ಎಲ್ಲರೂ ನಕ್ಕರು, ಚಾವಡಿಯಲ್ಲಿದ್ದ ಗಂಡಸರೂ ನಕ್ಕರು, ಝುಲೈಖಾ ಎಲ್ಲರಿಗಿಂತ ಜೋರಾಗಿ ನಕ್ಕಳು, ಆಮೇಲೆ ಯಾರ ಮನೆಯಲ್ಲೂ ರಾತ್ರಿ ನಿಲ್ಲಲಿಲ್ಲ. ನಕ್ಕವರಿಗೆ ಗೊರಕೆ ಕೇಳಿಸಿತ್ತು, ಗೊರಕೆ ನಿಂತದ್ದು ಕೇಳಿಸಿರಲಿಲ್ಲ, ಅದು ಕೇಳಿಸುತ್ತಿದ್ದುದು ಉಮ್ಮರ್ ಕುಂಞಿಯೊಬ್ಬನಿಗೆ — ಏರುತ್ತಾ ಏರುತ್ತಾ ಹೋಗಿ ಒಮ್ಮೆಲೇ ಸುಮ್ಮನೆ, ಎದೆ ಏಳುವುದಿಲ್ಲ, ಎಸಿಯ ಸದ್ದು ಬಿಟ್ಟರೆ ಕೋಣೆಯಲ್ಲಿ ಏನೂ ಇಲ್ಲ, ಝುಲೈ, ಏ ಝುಲೈ, ಭುಜ ಹಿಡಿದು ಅಲುಗಿಸಿದರೆ ಕೆರೆಯಿಂದ ಮೇಲೆ ಬಂದವಳ ಹಾಗೆ ಉಸಿರೆಳೆದು, ಎಂತ ಆಯ್ತು ನಿಮಗೆ, ನಿದ್ದೆ ಬರುವುದಿಲ್ಲವಾ ಎಂದು ಅವನನ್ನೇ ಕೇಳುತ್ತಿದ್ದಳು. ಅವನಿಗಾಗುತ್ತಿದ್ದ ಹೆದರಿಕೆ ಆ ಅಲ್ಲಾಹನಿಗೇ ಗೊತ್ತು. ಈಗ ಕೇಳು, ಎಷ್ಟು ಚಂದ, ಹೋಗುತ್ತದೆ ಬರುತ್ತದೆ, ಹೋಗುತ್ತದೆ ಬರುತ್ತದೆ, ಮೆಷಿನ್ನಿನ ಆ ಸಣ್ಣ ಗುಂಯ್ ಅವನಿಗೆ ಜೋಗುಳ, ಅದು ಕೇಳಿಸಿದರೆ ಅವನಿಗೂ ನಿದ್ದೆ.

ಆದರೆ ಅಂಕಿ ಯಾಕೆ ಹೀಗೆ ಓಡುತ್ತಿದೆ, ಸಾವಿರ ವಾಟು ಎಂದು ಮೈಮೇಲೆ ದೊಡ್ಡದಾಗಿ ಬರೆದಿದೆ, ಸಾವಿರ ಎಂದರೆ ತಮಾಷೆಯಾ, ಅವನಿಗೆ ಗೊತ್ತಿಲ್ಲದ್ದಾ, ಅರಬ್ ಧಣಿ ಅರ್ಬಾಬನ ಮನೆಯ ಡ್ರೈವರ್ ಆದಾಗಿನಿಂದ ಪ್ರತಿ ಚಳಿಗಾಲವೂ ಅವರ ಡೇರೆಗಳ ಹಿಂದೆ ಜನರೇಟರ್ ಇಟ್ಟವನು ಅವನೇ, ಹೊಗೆ ಡೇರೆಗೆ ಬರಬಾರದೆಂದು ಗಾಳಿ ನೋಡಿ ಇಡುವುದು, ಮಕ್ಕಳ ಕಾಲಿಗೆ ತೊಡರಬಾರದೆಂದು ಕೇಬಲ್ಲನ್ನು ಮರಳಲ್ಲಿ ಹೂಳುವುದು, ಫ್ಲಡ್‌ಲೈಟು, ಫ್ರಿಜ್ಜು, ಫುಟ್‌ಬಾಲ್ ನೋಡಲು ಗೋಡೆಯಷ್ಟಗಲದ ಟಿವಿ, ಯಾ ಉಮ್ಮರ್, ಲೈಟ್ ಎಂದು ಕೂಗು ಬರುವ ಮೊದಲೇ ಓಡುವುದು. ಜನರೇಟರಿನವನು ಕೇಳುವುದು ಒಂದೇ, ಎಷ್ಟು ಎಳೆಯುತ್ತದೆ. ಎಷ್ಟು ಹೊತ್ತು ಬರುತ್ತದೆ ಎಂದು ಯಾವ ಜನರೇಟರಿನವನೂ ಕೇಳುವುದಿಲ್ಲ, ಪಕ್ಕದಲ್ಲಿ ಪೆಟ್ರೋಲ್ ಕ್ಯಾನ್ ಇರುವಾಗ ಅದೊಂದು ಪ್ರಶ್ನೆಯೇ ಅಲ್ಲ, ಮುಗಿದರೆ ಸುರಿ, ಖಲ್ಲಿವಲ್ಲಿ, ತಲೆಬಿಸಿಯೇ ಇಲ್ಲ. ಈ ಪೆಟ್ಟಿಗೆ ತರಲು ಹೋದ ಹೂರಾದ ಅಂಗಡಿಯಲ್ಲೂ ಅವನ ಕಣ್ಣು ನೇರ ಸಾವಿರಕ್ಕೇ ಹೋದದ್ದು. ಅಂಗಡಿಯ ರಿತೇಶ್ ಕಾರ್ಕಳದವನು, ಮಾತಿನವನು, ಎಂತೆಲ್ಲ ಹಾಕ್ಲಿಕ್ಕುಂಟು ಕಾಕ, ಅದು ಹೇಳಿದ್ರೆ ನನಗೆ ಕೊಡ್ಲಿಕ್ಕೆ ಸುಲಭ ಎಂದ. ಕೌಂಟರಿನಲ್ಲಿ ಊರ ಕಡೆಯವರು ಇನ್ನಿಬ್ಬರು ನಿಂತಿದ್ದರು, ನಾಲಿಗೆಯ ತುದಿಯವರೆಗೆ ಬಂದ ಮಾತು ಅಲ್ಲೇ ಕೂತುಬಿಟ್ಟಿತು, ಹೆಂಡತಿಯ ಮೂಗಿನ ಮೆಷಿನ್ನಿಗೆ ಎಂದು ಅಂಗಡಿ ಬೀದಿಯಲ್ಲಿ ಹೇಗೆ ಹೇಳುವುದು, ಲೈಟು ಅಂದ, ಮೊಬೈಲು ಅಂದ, ಎಲ್ಲಿಂದ ಬಂತೋ ಏನೋ, ಮತ್ತೊಂದು ಕೆಟಲ್ಲು ಅಂದ. ಕೆಟಲ್ಲಿಗಾದರೆ ಇದೇ ಸರಿ ಎಂದು ರಿತೇಶ್ ಹಳದಿ ಪೆಟ್ಟಿಗೆ ಇಳಿಸಿ, ಮಡಚುವ ಸೋಲಾರ್ ಪ್ಯಾನಲ್ ಜೊತೆಗಿಟ್ಟು, ಇದು ಡಿಸ್‌ಪ್ಲೇ ಪೀಸು, ಶುಕ್ರವಾರ ಇಟ್ಟು ನೋಡಿ, ಗೀರು ಮಾತ್ರ ಆಗ್ಬಾರ್ದು ಎಂದು ಕಳಿಸಿದ. ಒಳ್ಳೆಯವನು. ಬೆಳಿಗ್ಗೆ ಬಾಲ್ಕನಿಯಲ್ಲಿ ಪ್ಯಾನಲ್ ಬಿಡಿಸಿ ಇಟ್ಟಾಗ ಅಂಕಿ ತಾನಾಗಿಯೇ ಏರಿದ್ದು ನೋಡಿ ಉಮ್ಮರ್ ಕುಂಞಿಗೆ ಎಳೆಯ ಮಕ್ಕಳ ಹಾಗೆ ಖುಷಿಯಾಗಿತ್ತು, ಈ ಊರಿನ ಬಿಸಿಲನ್ನು ಅವನು ಬೈಯದ ಬೇಸಿಗೆ ಇಲ್ಲ, ಅದೇ ಬಿಸಿಲು ಹಗಲೆಲ್ಲ ದುಡಿದು ರಾತ್ರಿ ಝುಲೈಖಾಳ ಉಸಿರಿಗೆ ಕಾವಲು ಕೂರುವುದೆಂದರೆ ಸಣ್ಣ ಮಾತಾ.

ಅರವತ್ತೆರಡು. ವೈದ್ಯರ ಹತ್ತಿರ ಮುಚ್ಚಿಡಬಾರದು, ವಕೀಲರ ಹತ್ತಿರ ಮುಚ್ಚಿಡಬಾರದು ಎಂದು ಹಿರಿಯರು ಹೇಳಿದ್ದಾರೆ, ಬ್ಯಾಟರಿ ಮಾರುವವನ ಹತ್ತಿರವೂ ಮುಚ್ಚಿಡಬಾರದು ಎಂದು ಯಾರೂ ಹೇಳಿಕೊಟ್ಟಿರಲಿಲ್ಲ. ನೂರರಿಂದ ಶುರುಮಾಡಿದರೂ ಈ ಓಟದಲ್ಲಿ ಓಡಿದರೆ ನಡುರಾತ್ರಿ ದಾಟುವಷ್ಟರಲ್ಲಿ ಸೊನ್ನೆ, ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರೆ, ಕಾಲನ್ನಾದರೆ ಮಡಚಬಹುದು, ನಿದ್ದೆಯನ್ನು ಎಲ್ಲಿಂದ ಮಡಚುವುದು. ಅವಳ ಕಣ್ಣು ಇನ್ನೂ ಮುಚ್ಚಿದೆ, ಈಗ ವಯರನ್ನು ಮೆಲ್ಲಗೆ ಗೋಡೆಗೆ ಸಿಕ್ಕಿಸಿ, ಪೆಟ್ಟಿಗೆಯನ್ನು ಬಾಲ್ಕನಿಯ ಬಿಸಿಲಿಗಿಟ್ಟು ಅಂಕಿ ಏರಿಸಿ, ಅವಳು ಏಳುವ ಹೊತ್ತಿಗೆ ತಂದಿಟ್ಟರೆ — ನೋಡು, ಎಂಬತ್ತು, ನಾನು ಹೇಳಲಿಲ್ಲವಾ — ನಂಬುತ್ತಾಳೆ, ಅವನು ಹೇಳಿದ್ದನ್ನೆಲ್ಲ ನಂಬುವವಳು, ಒಂದನ್ನು ಬಿಟ್ಟು. ಮರಳುಗಾಡಿನಲ್ಲೂ ಇಬ್ಬನಿ ಬೀಳುತ್ತದೆ ಎಂದದ್ದನ್ನು ಮಾತ್ರ ನಂಬಲಿಲ್ಲ, ಮರಳಿಗೆ ಎಂತದ್ದು ಇಬ್ಬನಿ, ಸುಮ್ಮನೆ ಸುಳ್ಳು ಹೇಳ್ಬೇಡಿ ಎಂದಳು, ಕಡಲ ಬದಿಯಲ್ಲಿ ಹುಟ್ಟಿದವಳಿಗೆ ಮರಳು ಒದ್ದೆಯಾಗುವುದೆಂದರೆ ಅಲೆ ಬರಬೇಕು. ಅರ್ಬಾಬನ ಡೇರೆಯಲ್ಲಿ ಎಲ್ಲರಿಗಿಂತ ಮೊದಲು ಏಳುವವನು ಅವನು, ಮುಂಜಾವಿನ ಫಜ್ರ್ ನಮಾಝ್ ಮುಗಿಸಿ ಹೊರಗೆ ಬಂದರೆ ಡೇರೆಯ ಹಗ್ಗದಿಂದ ಹನಿ, ಕಾರಿನ ಗಾಜಿನ ಮೇಲೆ ಹನಿ, ಮರಳು ಮೇಲ್ಮೈಯೆಲ್ಲ ಕಂದು ಬಣ್ಣಕ್ಕೆ ತಿರುಗಿ ದೋಸೆಯ ಹಾಗೆ ಹೆಪ್ಪುಗಟ್ಟಿರುತ್ತದೆ, ಕಾಲಿಟ್ಟರೆ ಆ ತೆಳು ಪದರ ಮುರಿದು ಒಳಗಿನ ಬಿಳಿ ಮರಳು ಕಾಣುತ್ತದೆ, ನಿನ್ನೆ ರಾತ್ರಿ ಅಲ್ಲಿ ಯಾರೂ ನಡೆದೇ ಇಲ್ಲವೇನೋ ಎಂಬ ಹಾಗೆ. ಒಂದು ಸಲ ನೋಡ್ಬೇಕು ನನಗೆ ಅಲ್ಲಿಯ ಬೆಳಿಗ್ಗೆ, ಎಂದು ಹೋದ ಚಳಿಗಾಲ ಕಾರಿನಲ್ಲಿ ಹಿಂದೆ ತಿರುಗಿ ನೋಡುತ್ತಾ ಹೇಳಿದಳು, ಎಲ್ಲ ಸಂಜೆ ನೋಡಿದ್ದೇನೆ, ಒಂದು ಬೆಳಿಗ್ಗೆ ನೋಡಿಲ್ಲ. ಅಂದಿನಿಂದ ಅವನಿಗೆ ಕಾಣುತ್ತದೆ, ಸ್ಟಿಯರಿಂಗ್ ಹಿಡಿದಾಗ ಕಾಣುತ್ತದೆ, ಸಿಗ್ನಲಿನಲ್ಲಿ ಕಾಯುವಾಗ ಕಾಣುತ್ತದೆ, ಝುಲೈಖಾಳ ಬರಿಗಾಲು, ಆ ಒದ್ದೆ ಮರಳು. ಕೈ ವಯರಿನವರೆಗೆ ಹೋಗಿತ್ತು, ಅಲ್ಲೇ ನಿಂತಿತು. ಸುಳ್ಳು ಎಂಬತ್ತನ್ನು ನಂಬಿ ಅಲ್ಲಿ ಮಲಗಿ, ನಡುರಾತ್ರಿ ಗುಂಯ್ ನಿಂತು, ಅವನೂ ಮೈಮರೆತು ನಿದ್ದೆ ಹೋಗಿದ್ದರೆ — ಯಾ ಅಲ್ಲಾಹ್, ಅವನು ಕೈ ಹಿಂದೆ ತೆಗೆದುಕೊಂಡ.

ಎಷ್ಟುಂಟು, ಎಂದು ಕೇಳಿಸಿದಾಗ ಅವನು ಬೆಚ್ಚಿದ, ಮಾಸ್ಕ್ ಕೆಳಗೆ ಜಾರಿಸಿ ಅವಳು ಅವನನ್ನೇ ನೋಡುತ್ತಿದ್ದಳು, ಕೆನ್ನೆಯ ಮೇಲೆ ಪಟ್ಟಿಯ ಗೆರೆ, ಆ ಗೆರೆಯನ್ನು ಅವಳು ಸಂಜೆಯವರೆಗೂ ಉಜ್ಜುತ್ತಾಳೆ. ಐವತ್ತೇಳು, ಇದು ಆಗುವುದಿಲ್ಲ ಝುಲೈ, ಅರ್ಧ ರಾತ್ರಿಗೇ ಕೈಕೊಡ್ತದೆ. ಅವಳ ಮುಖ ಸಣ್ಣಗಾಗುತ್ತದೆ ಎಂದು ಕಾದ, ಆಗಲಿಲ್ಲ, ಎದ್ದು ಕುಳಿತು ಕೂದಲು ಕಟ್ಟಿಕೊಳ್ಳುತ್ತಾ, ಅಂಗಡಿಯವನ ಹತ್ರ ಎಂತ ಹೇಳಿದ್ದು ನೀವು ಎಂದಳು. ಲೈಟು, ಮೊಬೈಲು, ಮತ್ತೆ, ಕೆಟಲ್ಲು. ಕೆಟಲ್ಲಾ, ನಮ್ಮ ಮನೆಯಲ್ಲಿ ಎಲ್ಲುಂಟು ಕೆಟಲ್ಲು, ಎಂದು ಅವಳು ನಕ್ಕ ನಗುವಿಗೆ ಮಂಚ ಅಲುಗಿತು, ನಗು ಇಳಿದ ಮೇಲೆ ಮೆಲ್ಲಗೆ, ನನ್ನ ಮೆಷಿನ್ನಿಗೆ ಅಂತ ಹೇಳ್ಲಿಲ್ಲವಾ. ಅಲ್ಲಿ ಜನ ಇದ್ರು, ನಿನಗೆ ಬೇಜಾರಾಗ್ಬಾರ್ದು ಅಂತ. ಅವಳು ಮಡಿಲಲ್ಲಿದ್ದ ಮಾಸ್ಕನ್ನು ತಿರುಗಿಸಿ ನೋಡಿದಳು, ತುಂಬ ಹೊತ್ತು ನೋಡಿದಳು, ಇಷ್ಟು ವರ್ಷ ನಾನು ಅಡಗಿಸಿದ್ದು ಸಾಕಾಗ್ಲಿಲ್ಲ ಅಂತ ನೀವೂ ಶುರು ಮಾಡಿದ್ದಾ, ಕೊಡಿ ಫೋನು. ಮತ್ತೆ ಅವನು ಕೇಳಿಸಿಕೊಂಡದ್ದನ್ನು ಅವನ ಕಿವಿಗೇ ನಂಬಲಾಗಲಿಲ್ಲ, ಅವಳೇ ಅಂಗಡಿಗೆ ಫೋನು ಹಚ್ಚಿ, ರಿತೇಶಾ, ನಾನು ಉಮ್ಮರ್ ಕುಂಞಿಯವರ ಮನೆಯವಳು, ನನಗೆ ಮಲಗಿದ್ರೆ ಉಸಿರು ನಿಲ್ತದೆ, ಅದಕ್ಕೊಂದು ಮೆಷಿನ್ ಉಂಟು, ಅದು ಮರಳುಗಾಡಿನಲ್ಲಿ ಇಡೀ ರಾತ್ರಿ ಓಡ್ಬೇಕು, ಕೆಟಲ್ಲು ಗಿಟಲ್ಲು ಎಂತದ್ದೂ ಇಲ್ಲ. ಆ ಕಡೆಯಿಂದ ರಿತೇಶ್, ಅಯ್ಯೋ ಅಕ್ಕ, ಇದನ್ನು ಮೊದ್ಲೇ ಹೇಳೂದಲ್ವಾ, ನಿಮಗೆ ಎಳೆಯುವ ತಾಕತ್ತು ಬೇಡ, ತುಂಬ ಹೊತ್ತು ಬರುವುದು ಬೇಕು, ಬೂದು ಬಣ್ಣದ್ದೊಂದುಂಟು, ಕೆಟಲ್ ಇಟ್ರೆ ನಿಂತೇ ಹೋಗ್ತದೆ ಅಂತ ಕಾಕನಿಗೆ ತೋರಿಸ್ಲೇ ಇಲ್ಲ, ಮೆಷಿನ್ನಿನಲ್ಲಿ ಗಾಳಿ ಒಣಗದ ಹಾಗೆ ನೀರು ಬಿಸಿ ಮಾಡುವ ಬಟನ್ ಉಂಟಾ, ಇದ್ರೆ ಡಾಕ್ಟ್ರ ಹತ್ರ ಕೇಳಿ ಅದನ್ನೊಂದು ಆಫ್ ಮಾಡಿ, ಕರೆಂಟು ತಿನ್ನುವುದೇ ಅದು, ಮತ್ತೆ ಬೆಳಗಾದ್ರೂ ಚಾರ್ಜು ಉಳೀತದೆ. ಆ ಬಿಸಿ ನನಗೆ ಮೊದಲೇ ಆಗುವುದಿಲ್ಲ, ಮೂಗು ಬೆವರ್ತದೆ, ಡಾಕ್ಟ್ರೇ ಬೇಡದಿದ್ರೆ ತೆಗೀರಿ ಅಂದಿದ್ರು ಎಂದಳು ಝುಲೈಖಾ, ಅದು ಅವನಿಗೂ ಗೊತ್ತಿರಲಿಲ್ಲ.

ಫೋನು ಅವಳು ವಾಪಸ್ ಕೊಡಲಿಲ್ಲ, ಬೆರಳಲ್ಲಿ ಇನ್ನೊಂದು ಹೆಸರು ಹುಡುಕಿದಳು, ಹಸೀಬಾ, ಹಾಂ, ನಾನೇ, ಗುರುವಾರ ನನಗೂ ಒಂದು ಹಾಸಿಗೆ ಹಾಕು, ಇಲ್ಲ ಹೋಗುವುದಿಲ್ಲ, ಈ ಸಲ ಇದ್ದೇ ಹೋಗುವುದು, ಬದಿಗೆ ಹಾಕು, ಮೆಷಿನ್ ಇಡ್ಲಿಕ್ಕೆ ಜಾಗ ಬೇಕು, ಎಂತ ಮೆಷಿನ್ನಾ, ಉಸಿರಾಟದ್ದು, ಬಂದಾಗ ತೋರಿಸ್ತೇನೆ, ನೋಡ್ಲಿಕ್ಕೆ ಆನೆಯ ಸೊಂಡಿಲಿನ ಹಾಗೆ ಉಂಟು, ಮಕ್ಕಳಿಗೆ ಮೊದಲೇ ಹೇಳಿಡು. ಆ ಕಡೆಯಿಂದ ಹಸೀಬಾಳ ದನಿ, ನನ್ನ ಬದಿಯಲ್ಲೇ ಹಾಕ್ತೇನೆ ನಿಮಗೆ, ರಾತ್ರಿ ಎಂತ ಬೇಕಾದ್ರೂ ನನ್ನನ್ನು ಎಬ್ಬಿಸಿ. ಉಮ್ಮರ್ ಕುಂಞಿ ಕೊಳವೆಯನ್ನು ಸುಮ್ಮನೆ ಸುತ್ತುತ್ತಾನೆ, ಬಿಚ್ಚುತ್ತಾನೆ, ಮತ್ತೆ ಸುತ್ತುತ್ತಾನೆ, ಕಣ್ಣು ಒದ್ದೆಯಾದದ್ದನ್ನು ತೋಳಿಗೆ ಒರೆಸುತ್ತಾನೆ — ಇವತ್ತು ಸಂಜೆಯೇ ಹೂರಾಕ್ಕೆ ಹೋಗಬೇಕು, ಇದನ್ನು ಕೊಟ್ಟು ಬೂದು ಬಣ್ಣದ್ದು ತರಬೇಕು, ಡೇರೆಯ ಮೂಡು ಬದಿಗೆ ಪ್ಯಾನಲ್ ಇಡಬೇಕು, ಬೆಳಗಿನ ಮೊದಲ ಬಿಸಿಲು ಅಲ್ಲಿಗೇ ಬೀಳುವುದು, ಕೇಬಲ್ಲನ್ನು ಮರಳಲ್ಲಿ ಹೂಳಬೇಕು, ಬೇಡ, ಈ ಸಲ ಹೂಳುವುದು ಬೇಡ, ಕಾಣಲಿ, ಫಜ್ರ್ ಹೊತ್ತಿಗೆ ಅವಳನ್ನು ಎಬ್ಬಿಸಬೇಕು, ಬೇಡ, ಅವಳೇ ಏಳುತ್ತಾಳೆ, ಮಾಸ್ಕ್ ತೆಗೆದಿಡುತ್ತಾಳೆ, ಡೇರೆಯ ಬಾಗಿಲು ಸರಿಸುತ್ತಾಳೆ, ಚಪ್ಪಲಿ ಹುಡುಕುವುದಿಲ್ಲ, ಬರಿಗಾಲು, ಮೊದಲು ಹಿಮ್ಮಡಿ, ಆ ಕಂದು ಮರಳಿನ ಮೇಲೆ, ಒದ್ದೆ, ತಣ್ಣಗೆ, ಝುಲೈಖಾಳ ಹಿಮ್ಮಡಿ.