ನೀತಿ ಮೇಷ್ಟ್ರ ಸಮಪಾಲು

"ನನ್ನ ಕ್ಲಾಸಿನ ಮಕ್ಕಳನ್ನ ಹೋಳು ಮಾಡಿ ಹಂಚೋಕೆ ಅವರೇನು ಕುಂಬಳಕಾಯಾ ಸರ್?"

"ದನಿ ತಗ್ಗಿಸು. ಬಾಗಿಲು ತೆಗೆದಿದೆ."

"ತೆಗೆದಿರ್ಲಿ. ಕೇಳೋರು ಕೇಳ್ಲಿ!"

ಭೂವಿಜ್ಞಾನ ವಿಭಾಗದ ಮುಖ್ಯಸ್ಥರು ಕನ್ನಡಕ ತೆಗೆದು ಒರೆಸಿದರು. ಅವರಿಗೆ ಕೋಪ ಬರುವುದಿಲ್ಲ. ಬಂದರೆ ಅದಕ್ಕೆ ತತ್ವ ಎಂದು ಹೆಸರಿಡುತ್ತಾರೆ. ಮಾತೆತ್ತಿದರೆ ನೀತಿ ಅನ್ನುತ್ತಿದ್ದರಿಂದ ಹುಡುಗರ ಬಾಯಲ್ಲಿ ಅವರು ನೀತಿ ಮೇಷ್ಟ್ರು. ಎದುರಿಗೆ ನಿಂತು ಹಾರಾಡುತ್ತಿದ್ದವಳು ಅವರದೇ ಹಳೆಯ ಶಿಷ್ಯೆ, ಈಗ ಅದೇ ವಿಭಾಗದ ಹೊಸ ಅಧ್ಯಾಪಕಿ. ಅವಳ ಕೆಲಸ ಕಾಯಂ ಆಗಲು ಮೇಷ್ಟ್ರ ಸಹಿಯೊಂದು ಬಾಕಿಯಿತ್ತು.

ತಪ್ಪು ಅವಳದೇ ಬಿಡಿ. ಪಾಠ ಚೆನ್ನಾಗಿ ಮಾಡುತ್ತಿದ್ದಳು. ಚೀಲದ ತುಂಬ ಕಲ್ಲು ಹೊತ್ತು ತಂದು, ಮಕ್ಕಳ ಕೈಗಿಟ್ಟು, ಮೂಸಿ ನೋಡಿ, ನೆಕ್ಕಿ ನೋಡಿ ಎನ್ನುತ್ತಿದ್ದಳು. ಮೇಷ್ಟ್ರ ತರಗತಿಯಲ್ಲಿ ತೂಕಡಿಸುತ್ತಿದ್ದವರೂ ಮೆಲ್ಲಗೆ ಅಲ್ಲಿಗೆ ಜಾರಿದರು. ಇದರಿಂದ ಮೇಷ್ಟ್ರಿಗೆ ಹೊಟ್ಟೆ ಉರಿಯಿತು ಎಂದರೆ ಶುದ್ಧ ಸುಳ್ಳು. ಅವರಿಗೆ ವಿಭಾಗದ ಶಿಸ್ತಿನ ಚಿಂತೆ ಹತ್ತಿತು, ಅಷ್ಟೆ. ವಿಚಾರಣೆಗೆಂದು ಇಬ್ಬರು ಹಿರಿಯ ಅಧ್ಯಾಪಕರ ಸಮಿತಿ ಕಳಿಸಿದರು. ಆ ಪುಣ್ಯಾತ್ಮರು ಗಂಟೆ ಹೊಡೆದರೂ ಏಳದೆ, ಕಲ್ಲು ನೆಕ್ಕುತ್ತ ಅಲ್ಲೇ ಕೂತುಬಿಟ್ಟರು. ಆಮೇಲೆ ಹೊರಟಿದ್ದೇ ಸಮಪಾಲಿನ ಆದೇಶ: ಅವಳ ಮಕ್ಕಳಲ್ಲಿ ಅರ್ಧ ಮೇಷ್ಟ್ರಿಗೆ.

"ಎಲ್ಲಾ ಮಕ್ಕಳು ಒಬ್ಬರ ಹಿಂದೇನೇ ಹೋಗೋದು ನ್ಯಾಯ ಅಲ್ಲಮ್ಮ. ನಾಯಕ ಅಂದ್ಮೇಲೆ ಎಲ್ಲರನ್ನೂ ಸಮನಾಗಿ ನೋಡ್ಬೇಕು."

"ಹಾಗಾದ್ರೆ ಕಲ್ಲಲ್ಲೂ ಅರ್ಧ ತಗೊಳ್ಳಿ. ನೀವೂ ಹೊತ್ಕೊಂಡು ಹೋಗಿ."

ಮೇಷ್ಟ್ರು ನಕ್ಕರು. ನೀತಿವಂತರ ನಗು, ಹಲ್ಲು ಕಾಣಿಸುವುದಿಲ್ಲ.

"ಈಗಲೇ ಸಹಿ ಹಾಕ್ತೀನಿ, ಆದೇಶನೂ ವಾಪಸ್ ತಗೋತೀನಿ. ನಾಳೆ ವಿಭಾಗದ ಸಭೇಲಿ ಒಂದು ಮಾತು ಹೇಳ್ಬಿಡು. ಈ ಪಾಠದ ರೀತಿ ಮೇಷ್ಟ್ರದು, ಅವರನ್ನ ನೋಡಿ ಕಲ್ತೆ ಅಂತ. ಅಷ್ಟೇ."

ಅವಳ ದನಿ ತಟ್ಟನೆ ಇಳಿಯಿತು. "ನಿಮ್ಮದೇ ಅಲ್ವಾ ಸರ್? ಮೊದಲನೇ ದಿನ ನನ್ನ ಕೈಗೆ ಉಪ್ಪಿನ ಕಲ್ಲು ಕೊಟ್ಟು ನೆಕ್ಕು ಅಂದೋರು ನೀವು. ಅದನ್ನ ಹೇಳದೆ ನಾನು ಯಾವತ್ತೂ ಪಾಠ ಶುರು ಮಾಡಿಲ್ಲ. ನಿಮ್ಮ ಸಮಿತಿಯೋರೂ ಕೇಳಿದಾರೆ. ನೀವು ಅವರನ್ನ ಏನು ಕೇಳಿದ್ರಿ? ಎಷ್ಟು ಜನ ಕೂತಿದ್ರು ಅಂತ."

ಮೇಷ್ಟ್ರಿಗೆ ಆ ಉಪ್ಪಿನ ಕಲ್ಲು ನೆನಪಾಯಿತು. ಆದರೂ ಜಂಬ ಬಿಡಬೇಕಲ್ಲ. "ಅದನ್ನೇ ಸಭೇಲೂ ಹೇಳು."

"ಪ್ರೀತಿಯಿಂದ ಹೇಳ್ತಿದ್ದೆ. ಸಹಿಗೆ ಮಾರೋಲ್ಲ."

ಬ್ಯಾಗು ಹೆಗಲಿಗೇರಿಸಿ ಹೊರಟಳು. ಬಾಗಿಲನ್ನು ಬಡಿಯಲೂ ಇಲ್ಲ.

ಮೇಷ್ಟ್ರು ಪೆನ್ನಿನ ಮುಚ್ಚಳ ತೆಗೆದು ಕಾದರು. ಕೆಲಸ ಬೇಕಾದವಳು, ಎಲ್ಲಿಗೆ ಹೋದಾಳು? ಕಾರಿಡಾರಿನಲ್ಲಿ ಹೆಜ್ಜೆ ಸಪ್ಪಳವಾದಾಗ ನೆಟ್ಟಗೆ ಕೂತು ಮುಖ ಗಂಭೀರ ಮಾಡಿಕೊಂಡರು. ಬಂದವಳು ನೆಲ ಒರೆಸುವ ಹೆಂಗಸು. ಶಿಷ್ಯೆ ಬರಲಿಲ್ಲ. ಮರುದಿನ ಸಭೆಗೂ ಇಲ್ಲ, ಆಮೇಲೆ ವಿಭಾಗಕ್ಕೂ ಇಲ್ಲ.