ಸರಿ ರೀ, ಸರೀರಿ

ನಾನು ಸೈಕಲ್ಲಿನ ಬೆಲ್ಲು. ಪಂಜಾಬಿನ ಯಾವುದೋ ಕಾರ್ಖಾನೆಯಲ್ಲಿ ಉಕ್ಕಿನ ತಗಡನ್ನು ಬಟ್ಟಲಿನಂತೆ ಒತ್ತಿ, ಹೊಟ್ಟೆಯೊಳಗೆ ಹಲ್ಲಿನ ಚಕ್ರ ಮತ್ತು ಸ್ಪ್ರಿಂಗು ಇಟ್ಟು ನನ್ನನ್ನು ಮಾಡಿದರು. ಪರೀಕ್ಷೆ ಮಾಡುವವನು ಒಮ್ಮೆ ಬಾರಿಸಿದ. ನಂಬಿಕೆ ಬರದೆ ಮತ್ತೊಮ್ಮೆ ಬಾರಿಸಿದ. ಹುಟ್ಟುತ್ತಲೇ ಸಿಕ್ಕ ಆ ಅನುಮಾನ ನನಗೂ ಅಂಟಿಕೊಂಡಿತು.

ಧಾರವಾಡದಲ್ಲಿ ನನ್ನನ್ನು ಮೊದಲು ಕೊಂಡವನು ರುದ್ರಗೌಡ, ಕಾಲೇಜಿನ ಗುಮಾಸ್ತ. ಹಿಂದಿನಿಂದ ಯಾವ ಕಾರು ಹಾರನ್ ಹೊಡೆದರೂ, "ರೋಡು ಇವರಪ್ಪಂದೇನು?" ಎಂದು ಹಲ್ಲು ಕಡಿಯುತ್ತಿದ್ದ. ಆರು ವರ್ಷದ ಮೇಲೆ ತಾನೇ ಒಂದು ಹಳೇ ಕಾರು ಕೊಂಡು, ಸೈಕಲ್ಲನ್ನು ನನ್ನ ಸಮೇತ ಕಸ್ತೂರವ್ವನಿಗೆ ಮಾರಿದ. ವಾರದೊಳಗೆ ಹೆದ್ದಾರಿಯಲ್ಲಿ ನಮ್ಮ ಬೆನ್ನಿಗೇ ಬಂದು ಕೂಗಿದ: "ಏ ಸೈಕಲ್ಲು, ದಂಡಿಗೆ ಹೋಗು! ರೋಡು ನಿಮ್ಮಪ್ಪಂದೇನು?" ನನ್ನ ಗುರುತೂ ಅವನಿಗೆ ಹತ್ತಲಿಲ್ಲ. ಅಂದಿನಿಂದ ರಸ್ತೆಯ ಮೇಲಿನ ಒಬ್ಬರನ್ನೂ ನಾನು ನಂಬಿಲ್ಲ.

ಕಸ್ತೂರವ್ವ ಹುಡುಗಿಯರ ಹಾಸ್ಟೆಲಿನಲ್ಲಿ ಅಡುಗೆಯವಳು. ಬೆಳಿಗ್ಗೆ ಆರಕ್ಕೆ ಉಪ್ಪಿಟ್ಟಿನ ಒಲೆ ಹೊತ್ತಿಸಬೇಕು. ಹೆದ್ದಾರಿಯಲ್ಲಿ ಒಂದು ಲಾರಿ ಅವಳ ಸೆರಗನ್ನು ಸವರಿಕೊಂಡು ಹೋದ ಮೇಲೆ ಅವಳ ಗಂಡ ಖಡಾಖಂಡಿತವಾಗಿ ಹೇಳಿದ್ದ: "ಆ ರಸ್ತೇಲೆ ಹೋಗೂದಿದ್ರ ಕೆಲಸಾನ ಬ್ಯಾಡ." ಉಳಿದದ್ದು ಕೆರೆಯ ಏರಿಯ ಮೇಲಿನ ಮಣ್ಣಿನ ದಾರಿ ಒಂದೇ. ಅದೂ ಹೋದರೆ ಅವಳ ಕೆಲಸ ಹೋದಂತೆಯೇ.

ಆ ದಾರಿಯಲ್ಲಿ ವಾಕಿಂಗಿಗೆ ಬರುವವರ ಸಂಘವೊಂದಿತ್ತು. ನಾಲ್ವರು ಸಾಲಾಗಿ, ಗೋಡೆ ಕಟ್ಟಿದಂತೆ ನಡೆಯುತ್ತಿದ್ದರು. ನಾನು ಸದ್ದು ಮಾಡಿದರೆ ಇಬ್ಬರು ಎಡಕ್ಕೆ, ಇಬ್ಬರು ಬಲಕ್ಕೆ ಹಾರಿ ನನ್ನನ್ನೇ ದುರುಗುಟ್ಟುತ್ತಿದ್ದರು. ನಮ್ಮವರೂ ಸಾಚಾ ಅಲ್ಲ. ಭಾನುವಾರ ಹೆಲ್ಮೆಟ್ಟು ಹಾಕಿಕೊಂಡು ಬರುವ ಸೈಕಲ್ಲಿನವರು ಬೆಲ್ಲೇ ಇಲ್ಲದೆ ಮುದುಕರ ಮೊಣಕೈ ಸವರಿ ಹೋಗುತ್ತಿದ್ದರು.

ಎಲ್ಲರಿಗಿಂತ ಹೆಚ್ಚು ನನಗೆ ಅನುಮಾನವಿದ್ದದ್ದು ಜಮಖಂಡಿ ಮಾಸ್ತರರ ಮೇಲೆ. ನಿವೃತ್ತ ಕನ್ನಡ ಮೇಷ್ಟ್ರು. ಈಗಲೂ ಶಾಲೆಗಳ ಭಾಷಣ ಸ್ಪರ್ಧೆಗೆ ಅವರೇ ತೀರ್ಪುಗಾರರು. ಬೆನ್ನ ಹಿಂದೆ ಕೈಕಟ್ಟಿ, ದಾರಿಯ ನಟ್ಟನಡುವೆ ನಡೆಯುತ್ತಿದ್ದರು. ಎಷ್ಟು ಬಾರಿಸಿದರೂ ಜಗ್ಗುತ್ತಿರಲಿಲ್ಲ.

"ಬೇಕಂತನ ಮಾಡ್ತಾರ" ಎಂದು ಕಸ್ತೂರವ್ವ ಗೊಣಗುತ್ತಿದ್ದಳು. ನನಗಂತೂ ಸಂಶಯವೇ ಇರಲಿಲ್ಲ.

ಒಂದು ಬೆಳಿಗ್ಗೆ ಮಾಸ್ತರರು ಏನೋ ನೆನಪಾದಂತೆ ನಿಂತು ತಿರುಗಿದರು. ನಮ್ಮನ್ನು ಕಂಡು ನೀರಿನ ಕಡೆಯ ಅಂಚಿಗೆ ಸರಿದರು. ಕಸ್ತೂರವ್ವನಿಗೆ ಖುಷಿಯಾಯಿತು. ಇನ್ನು ಅಲ್ಲಾಡಬೇಡಿ, ಅಷ್ಟು ಸಾಕು ಎಂಬ ಅರ್ಥದಲ್ಲಿ, "ಸರಿ ರೀ" ಎಂದಳು. ಮಾಸ್ತರರಿಗೆ ಅದು "ಸರೀರಿ" ಎಂದು ಕೇಳಿತು. ಇನ್ನಷ್ಟು ಸರಿಯಲು ಅತ್ತ ಜಾಗವಿಲ್ಲ, ನೀರು. ಗಡಬಡಿಸಿ ಇತ್ತ ಹಾರಿದರು, ನೇರ ನಮ್ಮ ಚಕ್ರಕ್ಕೇ.

ಮಾಸ್ತರರ ಮಣಿಕಟ್ಟು ಮುರಿಯಿತು. ನೋಡಿದವರೆಲ್ಲ, "ಬೆಲ್ ಹೊಡದಿಲ್ಲಕಿ" ಎಂದರು. ನಾನು ನಾಲ್ಕು ಸಲ ಸದ್ದು ಮಾಡಿದ್ದೆ. ಆ ದಾರಿಯಲ್ಲಿ ಸೈಕಲ್ಲೇ ಬರದಂತೆ ಮಾಡಲೆಂದು ಮುದುಕ ಬೇಕಂತ ಬಿದ್ದ ಎಂದುಕೊಂಡೆ.

ಮುಂದಿನ ಭಾನುವಾರ ಸಂಘದವರು ಏರಿಯ ಕಲ್ಲುಬೆಂಚಿನ ಬಳಿ ಸೇರಿ ಕಸ್ತೂರವ್ವನನ್ನು ಕರೆಸಿದರು. ದಾರಿಯಲ್ಲಿ ಸೈಕಲ್ ನಿಷೇಧಿಸಬೇಕೆಂಬ ಅರ್ಜಿ ಸಿದ್ಧವಾಗಿತ್ತು.

"ಬೆಲ್ ಹೊಡದಿದ್ದೇನು ನೀನು?" ಸಂಘದ ಅಧ್ಯಕ್ಷ, ಅಂಗಡಿ ಎಂಬ ಹೆಸರಿನವರು, ಕೇಳಿದರು.

"ಹೊಡದಿದ್ನಿರಿ. ಮ್ಯಾಲೆ ಸರಿ ರೀ ಅಂತನೂ ಅಂದ್ನಿ."

"ಕೇಳಿದ್ರಿಲ್ಲೊ? ಹಿರಿಯಾರಿಗೆ ಸರೀರಿ ಅಂತ ಜಬರದಸ್ತಿ!"

"ಅಲ್ರಿ ಸಾಹೇಬ್ರ. ಕಡೀಕ ನಿಂತಿದ್ರು. ಅಷ್ಟಾದ್ರ ಸಾಕು, ಸರಿ ಆತು ಅಂದ್ನಿ."

ಬ್ಯಾಂಡೇಜಿನ ಕೈ ಎದೆಗೆ ಕಟ್ಟಿಕೊಂಡಿದ್ದ ಮಾಸ್ತರರು ಅವಳ ತುಟಿಯನ್ನೇ ನೋಡುತ್ತಿದ್ದರು. ಅಂಗಡಿಯವರು ಅರ್ಜಿಯನ್ನು ಅವರ ಮುಂದೆ ಸರಿಸಿದರು. "ಬೆಲ್ ಆಗಿಲ್ಲ ಅಂತ ಬರದೀವ್ರಿ. ನೀವೊಂದು ಸಹಿ ಹಾಕ್ರಿ." ಮಾಸ್ತರರು ಎಡಗೈಯಲ್ಲಿ ಪೆನ್ನು ತೆಗೆದುಕೊಂಡರು. ಮುಗಿಯಿತು ನಮ್ಮ ಕಥೆ ಎಂದುಕೊಂಡೆ.

ಅವರು ಪೆನ್ನು ಕೆಳಗಿಟ್ಟರು.

"ಬೆಲ್ ಆಗಿರಬೇಕ್ರಿ. ನನಗ ಕೇಳಸಂಗಿಲ್ಲ. ಎಡಗಿವಿ ಪೂರ್ತಿ ಹೋಗೇದ, ಬಲಗಿವಿ ಅರ್ಧಾ. ನಾಕು ವರ್ಷಾತು, ಮನ್ಯಾಗೂ ಹೇಳಿಲ್ಲ." ಕಸ್ತೂರವ್ವನತ್ತ ಎಡಗೈ ತೋರಿಸಿ ಮುಂದುವರಿಸಿದರು. "ಹುಡುಗರಿಗೆ ಪದಾ ಬಿಡಿಸೋದು ಕಲಿಸಿದಾಂವ ನಾನು. ಈಕಿ ಅಂದ ಮೂರಕ್ಷರಾ ಬಿಡಿಸಿ ಕೇಳಲಿಕ್ಕೆ ಬರಲಿಲ್ಲ. ತಪ್ಪು ಈಕೀದಲ್ಲ."

ಅಂಗಡಿಯವರು ಅರ್ಜಿಯನ್ನು ಮಡಚಿ ಜೇಬಿಗಿಟ್ಟುಕೊಂಡರು. ನನಗೆ ನಾಚಿಕೆಯಾಯಿತು. ಆ ವರ್ಷ ಯಾವ ಶಾಲೆಯವರೂ ಮಾಸ್ತರರನ್ನು ತೀರ್ಪು ಕೊಡಲು ಕರೆಯಲಿಲ್ಲ. ಅದು ಗೊತ್ತಿದ್ದೇ ಅವರು ಬಾಯಿಬಿಟ್ಟಿದ್ದರು.

ಆಮೇಲೆ ಕಸ್ತೂರವ್ವ ಅವರನ್ನು ಕಂಡರೆ ದೂರದಲ್ಲೇ ಇಳಿದು, ಬಲಗಡೆಯಿಂದ ಬಂದು ಮಾತಾಡಿಸಿ ಮುಂದೆ ಹೋಗುತ್ತಿದ್ದಳು. ಗೋಡೆಯಂತೆ ನಡೆಯುವ ನಾಲ್ವರೂ ಈಗ ಇಬ್ಬಿಬ್ಬರಾಗಿದ್ದಾರೆ. ಎಷ್ಟು ದಿನವೋ ನೋಡೋಣ.

ನನಗೆ ವಯಸ್ಸಾಗಿದೆ. ಹೊಳಪು ಹೋಗಿದೆ, ಹೊಟ್ಟೆಯ ಸ್ಪ್ರಿಂಗು ಕಳೆದ ಮಳೆಗಾಲದಲ್ಲಿ ತುಂಡಾಯಿತು. ನಾಳೆ ನನ್ನನ್ನು ಬಿಚ್ಚಿ ಹೊಸದನ್ನು ಹಾಕುತ್ತಾರಂತೆ. ಇವತ್ತು ಮಾಸ್ತರರು ನಮ್ಮನ್ನು ನಿಲ್ಲಿಸಿ, ಬಗ್ಗಿ, ಬಲಗಿವಿಯನ್ನು ನನ್ನ ಹತ್ತಿರ ತಂದು ಹೆಬ್ಬೆರಳಿನಿಂದ ಒತ್ತಿದರು. ಮತ್ತೊಮ್ಮೆ ಒತ್ತಿದರು. ಅವರ ಮುಖ ಸಣ್ಣದಾಯಿತು.

"ಆತೇನವ್ವಾ ಬೆಲ್ಲು?"

ಕಸ್ತೂರವ್ವ ನಕ್ಕಳು. "ಇಲ್ರೀ ಮಾಸ್ತರ. ನನಗೂ ಕೇಳಲಿಲ್ಲ."